ಗುರುತು ಕೊಡದ ಬೆರಳು

ಮಾತ್ರೆಯ ಡಬ್ಬಿಯ ಮೇಲಿನ ಹೆಸರಿನ ಚೀಟಿಯನ್ನು ನೇಲಿದಾ ಉಗುರಿನಿಂದ ಕೆರೆಯುತ್ತಿದ್ದಳು. ನೀರಿನಲ್ಲಿ ನೆನೆಹಾಕಿದ್ದರೆ ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಆದರೆ ಅದು ನೆನೆಯುವಷ್ಟು ಹೊತ್ತು ತನ್ನ ಹೆಸರು ಬಟ್ಟಲಿನಲ್ಲಿ ತೇಲುವುದನ್ನು ನೋಡುತ್ತ ನಿಲ್ಲುವ ತಾಳ್ಮೆ ಈ ಬೆಳಿಗ್ಗೆ ಅವಳಿಗಿರಲಿಲ್ಲ. ಕೆರೆದ ಚೂರುಗಳಲ್ಲಿ ಅರ್ಧವನ್ನು ಅಡುಗೆಮನೆಯ ಕಸದ ಬುಟ್ಟಿಗೂ ಅರ್ಧವನ್ನು ಬಚ್ಚಲಿನ ಬುಟ್ಟಿಗೂ ಹಾಕಿದಳು. ಇದು ಹಳೆಯ ರೂಢಿ. ಕರೆಂಟ್ ಬಿಲ್ಲಿನ ಮೂಲೆಯಲ್ಲಿರುವ ವಿಳಾಸವನ್ನು ಕತ್ತರಿಸಿ ಸುಡುವುದು, ಗುರುತಿನ ಚೀಟಿಯ ಜೆರಾಕ್ಸನ್ನು ಯಾರಿಗೆ ಕೊಟ್ಟರೂ ಅದರ ಮೇಲೆ ಎರಡು ಓರೆ ಗೆರೆ ಎಳೆದು ನಡುವೆ ‘ಕಾರ್ಖಾನೆಯ ವೈದ್ಯರಿಗೆ ಮಾತ್ರ’ ಎಂದೋ ‘ರಾತ್ರಿ ಶಾಲೆಗೆ ಮಾತ್ರ’ ಎಂದೋ ಬರೆಯುವುದು, ಬ್ಯಾಂಕಿನ ಯಂತ್ರದೆದುರು ಎಡಗೈಯನ್ನು ಚಿಪ್ಪಿನಂತೆ ಬಗ್ಗಿಸಿ ಬಲಗೈಗೆ ಮುಚ್ಚಿಗೆ ಮಾಡುವುದು. ಡಬ್ಬಿ ಮೀನಿನ ಕಾರ್ಖಾನೆಯಲ್ಲಿ ಅವಳ ಜೊತೆ ಮೇಜಿನ ಮುಂದೆ ನಿಲ್ಲುವ ಹೆಂಗಸರಿಗೆ ಇದೊಂದು ಮುಗಿಯದ ತಮಾಷೆ. “ಅಲ್ವೇ ನೇಲಿದಾ, ನಿನ್ನನ್ನ ಕದ್ದು ಕಳ್ಳನಿಗೆ ಏನೇ ಸಿಗತ್ತೆ? ಮಾರನೇ ದಿನ ಬೆಳಿಗ್ಗೆ ಅವನೇ ತಂದು ಬಾಗಿಲಲ್ಲಿ ಬಿಟ್ಟು, ಮೇಲೆ ಒಂದು ಕೆಜಿ ಅಕ್ಕೀನೂ ಇಟ್ಟು ಹೋಗ್ತಾನೆ ಬಿಡು” ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ನಗುತ್ತಲೇ, ತನ್ನ ಹೆಸರಿರುವ ಮೇಲಂಗಿಯ ಬಿಲ್ಲೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಈಗ ಈ ಡಬ್ಬಿಯನ್ನು ಕೆರೆಯುವುದರಿಂದ ಏನು ಬಂತು ಎಂದು ಅವಳಿಗೂ ಗೊತ್ತಿತ್ತು. ಕೈ ಮಾತ್ರ ಕೆರೆಯುತ್ತಲೇ ಇತ್ತು.

ಬಾಗಿಲ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದ ಸದ್ದು. “ನಾನು ಕಣೇ. ತೆಗಿ.” ಒತೀಲಿಯಾ ಬಾಗಿಲು ತಟ್ಟುವವಳೇ ಅಲ್ಲ. ಬೀದಿಯ ತಿರುವಿನಿಂದಲೇ “ಕೊಮಾದ್ರೆ, ಒಲೆ ಮೇಲೆ ಏನಿಟ್ಟಿದೀಯೇ, ಎರಡು ಬೀದಿ ಆಚೆಗೆ ಬೆಳ್ಳುಳ್ಳಿ ವಾಸನೆ ಬರ್ತಿದೆ” ಎಂದು ಕೂಗಿಕೊಂಡು ಬರುವವಳು. ಮಗಳು ದಮಾರಿಸ್‌ಗೆ ಜ್ಞಾನಸ್ನಾನ ಮಾಡಿಸಿದ ದಿನ ಪಾದ್ರಿಗಳ ಮುಂದೆ ಕೂಸನ್ನು ಎತ್ತಿ ಹಿಡಿದವಳು ನೇಲಿದಾ. ಅಂದಿನಿಂದ ಒತೀಲಿಯಾಗೆ ಅವಳು ಕೊಮಾದ್ರೆ, ಮಗುವಿಗೆ ಮದ್ರೀನಾ. ಹೆತ್ತವಳಿಗೆ ಏನಾದರೂ ಆದರೆ ನಾನಿದ್ದೇನೆ ಎಂದು ದೇವರ ಮುಂದೆ ಒಪ್ಪಿಕೊಂಡವಳು. ಈಗ ಒತೀಲಿಯಾ ಬಾಗಿಲ ಸಂದಿಯಲ್ಲಿ ಓರೆಯಾಗಿ ನಿಂತು ಹಿಂದೆ ಮುಂದೆ ನೋಡಿ ಒಳಗೆ ಬಂದಳು. ಮಾರುಕಟ್ಟೆಯ ಮೂಲೆಯಲ್ಲಿ ಪಪ್ಪಾಯಿ, ಅನಾನಸು, ಬೀಟ್‌ರೂಟು ಜೋಡಿಸಿಟ್ಟುಕೊಂಡು ಹಣ್ಣಿನ ರಸ ಮಾರುತ್ತಿದ್ದಾಗ ಇಡೀ ಸಾಲಿಗೇ ಕೇಳುವಂತೆ ಮಾತಾಡುತ್ತಿದ್ದವಳ ದನಿ ಈ ಒಂದೆರಡು ವಾರಗಳಲ್ಲಿ ಗಂಟಲೊಳಕ್ಕೆ ಇಳಿದುಬಿಟ್ಟಿತ್ತು. ಅಂಗಡಿ ಮುಚ್ಚಿತ್ತು. ದಮಾರಿಸ್‌ಳನ್ನು ಬೆಟ್ಟದ ಮೇಲೆ ಕಬಾನಾದಲ್ಲಿರುವ ಅಜ್ಜಿಯ ಮನೆಗೆ ಬಸ್ಸು ಹತ್ತಿಸಿದ್ದಾಯಿತು. ಫೋನಿನಲ್ಲಿ ಬಂದ ಗಂಡಸಿನ ದನಿ ದುಡ್ಡು ಕೇಳಿತ್ತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಈ ಊರಿನಲ್ಲಿ ಅಂಗಡಿಯಿಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಅಂಥ ಕರೆ ಬರುವುದೇ. ಆದರೆ ಆ ದನಿ ಕೊನೆಗೆ, ಮನೆಯವರ ಸಲಿಗೆಯಲ್ಲಿ, “ನಿನ್ನ ಮಗಳಿಗೆ ಹಸಿರು ಸ್ವೆಟರ್ ಚೆನ್ನಾಗಿ ಒಪ್ಪತ್ತಮ್ಮ” ಎಂದಿತ್ತು.

“ಏಳೇ, ಹೊತ್ತಾಗತ್ತೆ. ಆ ಸಬ್‌ಆಫೀಸರು ಬೆಳಿಗ್ಗೆನೇ ಠಾಣೆಗೆ ಬನ್ನಿ ಅಂದಿದಾರೆ. ಫೋನ್ ಕಂಪೆನಿಯಿಂದ ಉತ್ತರ ಬಂದಿದ್ಯಂತೆ, ಆ ನಂಬರ್ ಯಾರ ಹೆಸರಲ್ಲಿದೆ ಅಂತ.” ಒತೀಲಿಯಾ ಅಲ್ಲೇ ಇದ್ದ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದಳು. “ನೀನು ನಾಲ್ಕಕ್ಷರ ಓದಿದೋಳು. ಅವರು ಬರ್ಕೊಂಡಿದ್ದನ್ನ ನೀನು ಒಂದ್ಸಲ ನೋಡು. ನಾನು ಏನೋ ಹೇಳಿ ಅವರು ಏನೋ ಬರ್ಕೊಂಡ್ರೆ ಕಷ್ಟ.” ನೇಲಿದಾ ತಲೆಯಾಡಿಸಿದಳು. ಇಡೀ ಊರಿನಲ್ಲಿ ಇವಳು ನಂಬುವ ಒಬ್ಬಳೇ ಒಬ್ಬಳು ತಾನು ಎಂಬುದು ಬೇರೆ ದಿನವಾಗಿದ್ದರೆ ಎದೆ ತುಂಬಿಕೊಳ್ಳುವ ಮಾತಾಗಿತ್ತು. ಮೇಲಂಗಿ ಹಾಕಿಕೊಳ್ಳುವಾಗ ತೋಳಿನ ತೂತೇ ಸಿಗಲಿಲ್ಲ. ಒತೀಲಿಯಾ ಹಿಂದಿನಿಂದ ಹಿಡಿದುಕೊಟ್ಟಳು, ಮಗುವಿಗೆ ಹಿಡಿದುಕೊಡುವ ಹಾಗೆ.

ಮುಖ್ಯರಸ್ತೆಯಲ್ಲಿ ನಾಲ್ಕು ಜನಕ್ಕೆ ಐದು ಜನ ತುಂಬುವ ಬಾಡಿಗೆ ಕಾರು ಸಿಕ್ಕಿತು. ಕಾರ್ಖಾನೆಗಳು ಮೀನುಹಿಟ್ಟು ಮಾಡುವ ಕಾಲ, ಊರೆಲ್ಲ ಆ ಹೊಗೆಯ ವಾಸನೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಈ ಚಿಂಬೋತೆ ಊರಿನವರು ಮಾತ್ರ ‘ದುಡ್ಡಿನ ವಾಸನೆ’ ಎಂದು ನಗುತ್ತಾರೆ. ನೇಲಿದಾ ಕಿಟಕಿಯ ಪಕ್ಕ ಒತ್ತಿಕೊಂಡು ಕೂತು ತನ್ನ ಕೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡಳು. ಹಬೆಯಲ್ಲಿ ಬೆಂದ ಮೀನಿನ ಚರ್ಮ ಸುಲಿದು, ಮುಳ್ಳು ಬಿಡಿಸಿ, ಕಪ್ಪು ಮಾಂಸವನ್ನು ಚಾಕುವಿನ ತುದಿಯಿಂದ ಕೆರೆದು ತೆಗೆಯುವ ಕೆಲಸ. ಉಪ್ಪು, ಬಿಸಿ, ಮತ್ತೆ ಪಾಳಿಯ ಕೊನೆಗೆ ಮೇಜು ತೊಳೆಯುವ ಬ್ಲೀಚು. ಬೆರಳ ತುದಿಗಳು ಗಾಜಿನ ಗೋಲಿಯ ಹಾಗೆ ನುಣ್ಣಗಾಗಿದ್ದವು. ದೀಪಕ್ಕೆ ಹಿಡಿದರೆ ಮಿನುಗುತ್ತಿದ್ದವು. ಗುರುತಿನ ಚೀಟಿ ಹೊಸದು ಮಾಡಿಸಲು ಹೋದಾಗ ಅಲ್ಲಿನ ಹುಡುಗಿ ಬೆರಳನ್ನು ಎಡಕ್ಕೆ ಬಲಕ್ಕೆ ಉರುಳಿಸಿ, ಕೊನೆಗೆ ಪಕ್ಕದವಳನ್ನು ಕರೆದು, “ಬಾರೇ ಇಲ್ಲಿ, ಇವ್ರಿಗೆ ಏನೂ ಇಲ್ಲ” ಎಂದಿದ್ದಳು. ಬೆರಳಿಗೆ ಗೆರೆಯಿಲ್ಲ ಎಂದು ಅವಳ ಅರ್ಥ. ಆದರೂ ಆ ಮಾತು ನೇಲಿದಾಳಿಗೆ ಮನೆಯ ತನಕ, ಮನೆಯಿಂದ ಹಾಸಿಗೆಯ ತನಕ ಹಿಂಬಾಲಿಸಿ ಬಂದಿತ್ತು.

ಅದಾದ ಮೇಲೆ ಸಿಮ್ ಕೊಳ್ಳಲು ಹೋದಾಗ, ಮಾರುಕಟ್ಟೆಯ ಹೊರಗೆ ಕೊಡೆಯ ಕೆಳಗೆ ಅದನ್ನು ಮಾರುತ್ತಿದ್ದ ಹೆಂಗಸು ಮಾತ್ರ ಹಾಗೆ ಅನ್ನಲಿಲ್ಲ. ಅವಳು ತುಂಬ ಒಳ್ಳೆಯವಳ ಹಾಗಿದ್ದಳು. ಹಳದಿ ಕೋಟು, ಕತ್ತಿಗೆ ತೂಗುಹಾಕಿದ ಪುಟ್ಟ ಯಂತ್ರ, ಬಾಯಲ್ಲಿ ಸದಾ ಜಗಿಯುವ ಚೂಯಿಂಗ್ ಗಮ್. “ಓದ್ತಿಲ್ಲ ಸೆನ್ಯೊರಾ. ಬಟ್ಟೆಗೆ ಒರೆಸಿ ಇನ್ನೊಂದ್ಸಲ ಇಡಿ.” ಒರೆಸಿದಳು, ಇಟ್ಟಳು. “ಇಲ್ವಲ್ಲ. ಮೂಗಿನ ಪಕ್ಕ ಸ್ವಲ್ಪ ಉಜ್ಕೊಳ್ಳಿ, ಎಣ್ಣೆ ಹತ್ತಿದ್ರೆ ಹಿಡಿಯತ್ತೆ.” ಉಜ್ಜಿಕೊಂಡಳು, ಇಟ್ಟಳು. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಗಂಡಸು, “ಇವರೇನಾದ್ರೂ ಕಳ್ಳತನಕ್ಕೆ ಇಳಿದಿದ್ರೆ ಪೊಲೀಸ್ರು ಕೆಲ್ಸ ಬಿಟ್ಟು ಊರಿಗೆ ಹೋಗ್ಬೇಕಿತ್ತು” ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಕಿವಿಯ ತನಕ ಬಿಸಿಯೇರಿತು. ಈಗ ಆ ಬೆರಳು, ಈಗ ಈ ಬೆರಳು, ಮತ್ತೆ ಮೊದಲಿನ ಬೆರಳು. ಪ್ರತಿ ಸಲವೂ ಯಂತ್ರದ ಮೂಲೆಯಲ್ಲಿ ಹಸಿರು ದೀಪ ಮಿಣುಕ್ಕೆಂದು ಹತ್ತಿ ಆರುತ್ತಿತ್ತು. ಅವಳು ಅದನ್ನು ನೋಡಿದ್ದಳು. ನೋಡಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವಂತಿಲ್ಲ. ಹಸಿರು ಹತ್ತಿದರೂ ಓದಲಿಲ್ಲ ಅನ್ನುತ್ತಾಳಲ್ಲ ಎಂದು ಮನಸ್ಸಿನ ಒಂದು ಮೂಲೆಗೆ ಅನಿಸಿತ್ತು ಕೂಡ. ಆದರೆ ಅಷ್ಟು ತಾಳ್ಮೆಯಿಂದ, ಒಂದು ಸಲವೂ ಸಿಡುಕದೆ, ತನ್ನ ಕೆಟ್ಟ ಬೆರಳಿಗಾಗಿ ಹೆಣಗುತ್ತಿರುವ ಹೆಂಗಸನ್ನು, ಅದೂ ಅಷ್ಟು ಜನರ ಮುಂದೆ, ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಹೇಗೆ ಕೇಳುವುದು? ತೊಂದರೆ ಕೊಟ್ಟೆನಮ್ಮ, ಕ್ಷಮಿಸು ಎಂದಿದ್ದಳು. ಜೆರಾಕ್ಸಿನ ಮೇಲೆ ಗೆರೆ ಎಳೆಯುವವಳು, ಡಬ್ಬಿಯ ಚೀಟಿ ಕೆರೆಯುವವಳು, ಕೈಯನ್ನೇ ಕೊಟ್ಟು ಬಂದಿದ್ದಳು. ಕೊಟ್ಟು, ಕ್ಷಮೆಯನ್ನೂ ಕೇಳಿ ಬಂದಿದ್ದಳು.

“ಏನೇ ಅಷ್ಟು ಸುಮ್ನಿದೀಯ? ನನಗಿಂತ ನಿನಗೇ ಜಾಸ್ತಿ ಹೆದರಿಕೆ ಆದಂಗಿದೆ” ಎಂದು ಒತೀಲಿಯಾ ಮೊಣಕೈಯಿಂದ ತಿವಿದಳು. ನೇಲಿದಾ “ವಾಸನೆ” ಎಂದಳು. “ಇಪ್ಪತ್ತು ವರ್ಷ ಮೀನು ಕೆರೆದೋಳಿಗೆ ಈಗ ವಾಸನೆ ಬಂತು!” ಎಂದು ಒತೀಲಿಯಾ ನಕ್ಕಳು. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ್ದೇ ತಡ, ಆ ನಗು ಅರ್ಧದಲ್ಲೇ ನಿಂತಿತು. ಈಗ ಅವಳಿಗೆ ಅಪರಿಚಿತ ಮುದುಕರೂ ಹೆದರಿಕೆಯೇ.

ಚಳಿಗಾಲದಲ್ಲೇ ಗೊತ್ತಾಗಿತ್ತು. ಅದೇ ಈಗ ಕೊರಳಿಗೆ ಸುತ್ತಿಕೊಂಡಿರುವುದು. ರಾತ್ರಿ ಶಾಲೆಗೆ ಪುರಸಭೆಯ ಕಡೆಯಿಂದ ಒಬ್ಬಾಕೆ ಬಂದು, ನಿಮ್ಮ ಗುರುತನ್ನು ನೀವು ಹೇಗೆ ಕಾಪಾಡಿಕೊಳ್ಳಬೇಕು ಎಂದು ಮಾತಾಡಿದ್ದಳು. ಉಳಿದವರು ತೂಕಡಿಸುತ್ತಿದ್ದರು. ನೇಲಿದಾ ಮೊದಲ ಬೆಂಚಿನಲ್ಲಿ ಕೂತು ಪ್ರತಿ ಮಾತಿಗೂ ತಲೆಯಾಡಿಸಿದ್ದಳು, ಜಾಣ ಹುಡುಗಿಯ ಹಾಗೆ, ಇದನ್ನೆಲ್ಲ ನಾನು ಮಾಡುತ್ತೇನೆ ಎಂದು ಆಕೆಗೆ ಕಾಣಿಸಬೇಕೆಂಬ ಆಸೆಯಿಂದ. ಬೀದಿಯಲ್ಲಿ ಸಿಮ್ ಕೊಳ್ಳಬೇಡಿ, ಕೊಂಡರೂ ಬೆರಳನ್ನು ಒಂದೇ ಸಲ ಇಡಿ, ಪ್ರತಿ ಸಲ ಇಟ್ಟಾಗಲೂ ಒಂದೊಂದು ಹೊಸ ನಂಬರು ನಿಮ್ಮ ಹೆಸರಿನಲ್ಲಿ ಹುಟ್ಟಬಹುದು ಎಂದಾಗ ಅವಳ ತಲೆ ಆಡುವುದನ್ನು ನಿಲ್ಲಿಸಿತು. ಮನೆಗೆ ಹೋಗುವ ದಾರಿಯಲ್ಲಿ, ತನ್ನ ಹೆಸರಿನಲ್ಲಿ ಯಾವ ನಂಬರುಗಳಿವೆ ಎಂದು ಆಕೆ ಹೇಳಿಕೊಟ್ಟ ಹಾಗೆ ಫೋನಿನಲ್ಲಿ ನೋಡಿದಳು. ಅವಳದೊಂದು ನಂಬರು. ಅದರ ಕೆಳಗೆ, ಅವಳದಲ್ಲದವು. ನಡುವಿನ ಅಂಕಿಗಳ ಬದಲು ಚುಕ್ಕಿ, ಕೊನೆಯ ಕೆಲವು ಮಾತ್ರ ಕಾಣುವಂತೆ. ಅವಳಿಗೆ ಮಕ್ಕಳಿಲ್ಲ. ಆ ಅಂಕಿಗಳನ್ನು ನೋಡುತ್ತಿದ್ದಂತೆ ತನಗೇ ತಿಳಿಯದೆ ಹುಟ್ಟಿ, ತನ್ನ ಹೆಸರಿಟ್ಟುಕೊಂಡು, ಎಲ್ಲೋ ಯಾರದೋ ಮನೆಯ ಬಾಗಿಲಲ್ಲಿ ನಿಂತಿರುವ ಮಕ್ಕಳ ಹಾಗೆ ಅನಿಸಿ ಮೈ ಜುಂ ಎಂದಿತು.

ಮಾರನೆಯ ದಿನವೇ ಪಾಳಿ ಬಿಟ್ಟು ಫೋನಿನ ಅಂಗಡಿಗೆ ಹೋಗಿದ್ದಳು. ಅಷ್ಟರ ಮಟ್ಟಿಗೆ ತಾನು ಸರಿಯಾಗಿಯೇ ನಡೆದುಕೊಂಡೆ ಎಂದು ಈ ವಾರವೆಲ್ಲ ಅವಳು ತನಗೇ ಸಾಕ್ಷಿ ಹೇಳಿಕೊಂಡಿದ್ದಳು. ಮೇಜಿನ ಹಿಂದಿನ ಯುವಕ ಮರ್ಯಾದೆಯಿಂದಲೇ ಹೇಳಿದ: “ಈ ನಂಬರ್ಗಳು ನಿಮ್ದಲ್ಲ ಅಂತ ಹೇಳೋಕೆ ಮೊದ್ಲು ನೀವು ನೀವೇ ಅಂತ ಗೊತ್ತಾಗ್ಬೇಕಲ್ವಾ ಸೆನ್ಯೊರಾ. ಬೆರಳಿಡಿ.” ಬೆರಳಿಟ್ಟಳು. ಕೆಂಪು. ಇನ್ನೊಂದು. ಕೆಂಪು. ಕೊಡೆಯ ಕೆಳಗೆ ಹಸಿರು ಹಸಿರಾಗಿ ಮಿನುಗಿದ ಬೆರಳು ಇಲ್ಲಿ ಸತ್ತ ಮೀನಿನಂತೆ ಬಿದ್ದಿತ್ತು. ಮೂಗಿನ ಪಕ್ಕ ಉಜ್ಜಿಕೊಳ್ಳಲು ಕೈಯೆತ್ತಿದವಳು, ಪಕ್ಕದ ಕುರ್ಚಿಯ ಹೆಂಗಸು ನೋಡುತ್ತಿದ್ದಾಳೆಂದು ಕೆಳಗಿಳಿಸಿದಳು. ಗುರುತಿನ ಕಚೇರಿಯಿಂದ, ಬೆರಳು ಬೀಳುವುದಿಲ್ಲ ಎಂಬುದಕ್ಕೆ ಒಂದು ಕಾಗದ ತನ್ನಿ, ಆಮೇಲೆ ನೋಡೋಣ ಎಂದ. ಆ ಕಚೇರಿಗೆ ಹೋದರೆ ಮತ್ತೆ ಅದೇ ಹುಡುಗಿ. ‘ಇವ್ರಿಗೆ ಏನೂ ಇಲ್ಲ.’ ಮುಂದಿನ ವಾರ ಹೋಗೋಣ ಎಂದುಕೊಂಡಳು. ಮುಂದಿನ ವಾರ ದೋಣಿಗಳು ತುಂಬಿ ಬಂದವು, ಎರಡು ಪಾಳಿ ಕೆಲಸ. ಆಮೇಲೆ ಕೆಮ್ಮು. ಆಮೇಲೆ ಶಾಲೆಯ ಪರೀಕ್ಷೆ. ಆಮೇಲೆ, ಇಷ್ಟು ದಿನ ಏನೂ ಆಗಲಿಲ್ಲವಲ್ಲ ಎಂಬ ಸಮಾಧಾನ. ಅಷ್ಟೂ ದಿನ ಕರೆಂಟ್ ಬಿಲ್ಲಿನ ವಿಳಾಸವನ್ನು ಮಾತ್ರ ತಪ್ಪದೆ ಸುಟ್ಟಳು. ಹೋದ ವಾರ ಒತೀಲಿಯಾ ಅಳುತ್ತ ಫೋನನ್ನು ಮುಂದೆ ಹಿಡಿದು “ನೋಡೇ, ಈ ನಂಬರಿಂದಲೇ” ಎಂದಾಗ ನೇಲಿದಾ ಆ ಅಂಕಿಗಳ ಬಾಲವನ್ನು ನೋಡಿದಳು. ಚಳಿಗಾಲದಲ್ಲಿ ತನ್ನ ಹೆಸರಿನ ಕೆಳಗೆ ಕಂಡಿದ್ದವೇ ಅವು. ಕಬಾನಾದ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟವಳೂ ಅವಳೇ. ದಮಾರಿಸ್ ಕಿಟಕಿಯಿಂದ ಕೈ ಬೀಸಲಿಲ್ಲ. ಕಿಟಕಿಯಲ್ಲಿ ಮುಖ ತೋರಿಸಬಾರದೆಂದು ಅಮ್ಮ ಹೇಳಿದ್ದಳು.

ಠಾಣೆಯ ಹಜಾರದಲ್ಲಿ ಗೋಡೆಗೆ ಒತ್ತಿ ಹಾಕಿದ ಬೆಂಚು. ಸಬ್‌ಆಫೀಸರ್ ಕೊರ್ನೆಹೊ ಇನ್ನೂ ಬಂದಿಲ್ಲ, ತಿಂಡಿಗೆ ಹೋಗಿದ್ದಾರೆ ಎಂದರು. ಒತೀಲಿಯಾ ಚೀಲವನ್ನು ಎದೆಗೆ ಅವುಚಿಕೊಂಡು ಕೂತಳು. “ನಂಗೊತ್ತು ಯಾರು ಅಂತ” ಎಂದಳು, ದನಿ ತಗ್ಗಿಸಿ. “ಆ ಕೋಳಿ ಅಂಗಡಿ ಎವಾರಿಸ್ತೊ. ಹಸಿರು ಸ್ವೆಟರ್ ಅಂತೆ! ಪಕ್ಕದಲ್ಲೇ ಕೂತಿರೋನಿಗಲ್ದೆ ಇನ್ಯಾರಿಗೆ ಗೊತ್ತಿರತ್ತೆ? ಮೊನ್ನೆ ಅವನ ಅಂಗಡಿ ಮುಂದೆ ಹೋಗಿ ಉಗಿದು ಬಂದೆ. ನೆಲದ ಮೇಲಲ್ಲ, ಅವನ ಕಾಲ ಮೇಲೆ. ಅವನು ಸುಮ್ನೆ ನೋಡ್ತಾ ನಿಂತಿದ್ದ ಕಣೇ. ತಪ್ಪಿಲ್ದೆ ಇದ್ರೆ ಸುಮ್ನಿರ್ತಿದ್ನಾ?” ಎವಾರಿಸ್ತೊ ಎಂದೂ ಹೆಚ್ಚು ಮಾತಾಡಿದವನಲ್ಲ. ಒತೀಲಿಯಾಳ ಗಂಡ ದೋಣಿಯೊಡನೆ ಕಡಲಲ್ಲಿ ಮುಳುಗಿದ ವರ್ಷ, ದಿನಾ ಸಂಜೆ ಒಂದಷ್ಟು ಕೋಳಿಕಾಲುಗಳನ್ನು ಕಾಗದದಲ್ಲಿ ಸುತ್ತಿ ಅವಳ ಅಂಗಡಿಯ ಮೇಜಿನ ಮೇಲಿಟ್ಟು ಹೋಗುತ್ತಿದ್ದವನು. ಅವನ ಕಾಲ ಮೇಲೆ ಬಿದ್ದ ಉಗುಳು ನೇಲಿದಾಳಿಗೆ ಕಾಣಿಸಿತು, ಒರೆಸಿಕೊಳ್ಳದೆ ನಿಂತ ಅವನೂ ಕಾಣಿಸಿದ. ಇನ್ನು ಸ್ವಲ್ಪ ಹೊತ್ತಿನಲ್ಲಿ ಆ ಒಳಕೋಣೆಯಲ್ಲಿ ಒಬ್ಬ ಪರಕೀಯ ಗಂಡಸು ಅವಳ ಪೂರ್ತಿ ಹೆಸರನ್ನು ಓದುತ್ತಾನೆ. ನೇಲಿದಾ ರೊಸೌರಾ ಚಿಂಚಾಯ್ ಪಿನೆದೊ. ಒತೀಲಿಯಾ ತಿರುಗಿ ನೋಡುತ್ತಾಳೆ. ಆ ನೋಟಕ್ಕಿಂತ ಮೊದಲು ಹೇಳಬೇಕು. ಇಡೀ ವಾರ ಆ ಒಂದು ವಾಕ್ಯವನ್ನು ಮೀನಿನ ಮೇಜಿನ ಮುಂದೆ ನಿಂತು ಬಾಯಿಪಾಠ ಮಾಡಿದ್ದಳು. ಆ ವಾಕ್ಯ ಈಗ ಅವಳ ಬಾಯಿಯಲ್ಲಿ ಮುಳ್ಳಿನ ಹಾಗೆ ಅಡ್ಡಲಾಗಿತ್ತು, ಉಗುಳಲೂ ಆಗದೆ ನುಂಗಲೂ ಆಗದೆ.

“ಒತೀಲಿಯಾ, ಹೊರಗೆ ಬಾ.”

“ಯಾಕೆ? ಕರೆದ್ರೆ?”

“ಬಾ ಅಂದೆ.”

ಠಾಣೆಯ ಮೆಟ್ಟಿಲ ಪಕ್ಕದಲ್ಲಿ ಬಾರ್ಲಿ ಕಷಾಯದ ಗಾಡಿ. ಅದರ ಹಬೆಯ ಈಚೆ ನಿಂತು ನೇಲಿದಾ ಹೇಳಿದಳು. ಹೇಳುವಾಗ ಒತೀಲಿಯಾಳ ಮುಖ ನೋಡಲಿಲ್ಲ, ಅವಳ ಚೀಲದ ಜಿಪ್ಪನ್ನು ನೋಡಿದಳು. ಆ ನಂಬರು ನನ್ನ ಹೆಸರಿನಲ್ಲಿದೆ. ನಾನು ತೆಗೆದುಕೊಂಡದ್ದಲ್ಲ. ಸಿಮ್ ಮಾರುವವಳು ಬೆರಳು ಓದಲಿಲ್ಲ ಓದಲಿಲ್ಲ ಎಂದು ಮತ್ತೆ ಮತ್ತೆ ಇಡಿಸಿಕೊಂಡಳು, ಹಾಗೆ ಮಾಡಿ ನನ್ನ ಹೆಸರಿನಲ್ಲಿ ಇನ್ನಷ್ಟು ತೆಗೆದು ಯಾರಿಗೋ ಮಾರಿಕೊಂಡಿದ್ದಾಳೆ, ಅವರಿಂದ ಅವರಿಗೆ ಹೋಗಿ ಕೊನೆಗೆ ಆ ಗಂಡಸಿನ ಕೈಗೆ ಸಿಕ್ಕಿದೆ. ಒಳಗೆ ಅವರು ಓದುವ ಹೆಸರು ನನ್ನದೇ. ಇಷ್ಟನ್ನು ಹೇಳಿ ನಿಲ್ಲಿಸಿದಳು. ಗಾಡಿಯವಳು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುತ್ತಿದ್ದ ಕಷಾಯದ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಒತೀಲಿಯಾ, ಜ್ವರ ಬಂದವರನ್ನು ವಿಚಾರಿಸುವ ದನಿಯಲ್ಲಿ, ಯಾವ ಅನುಮಾನವೂ ಇಲ್ಲದೆ ಕೇಳಿದಳು:

“ಯಾವಾಗ ಗೊತ್ತಾಯ್ತೇ ನಿಂಗೆ?”

ಈ ಪ್ರಶ್ನೆಗೂ ನೇಲಿದಾ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದಳು. ಚಳಿಗಾಲದಲ್ಲೇ ಗೊತ್ತಾಗಿತ್ತು, ನಾಚಿಕೆಯಿಂದ ಸುಮ್ಮನಿದ್ದೆ, ಆಗಲೇ ಹೋಗಿ ಮುಚ್ಚಿಸಿದ್ದರೆ ಈ ಕರೆ ಈ ನಂಬರಿನಿಂದ ನಿನಗೆ ಬರುತ್ತಿರಲಿಲ್ಲ, ನಿನ್ನ ಮಗಳು ನಿನ್ನ ಮನೆಯಲ್ಲೇ ಮಲಗುತ್ತಿದ್ದಳು. ತಪ್ಪಿಲ್ಲದ ವಾಕ್ಯ. ತಲೆಯೆತ್ತಿದಳು. ಒತೀಲಿಯಾಳ ಕಣ್ಣಿನಲ್ಲಿ ಆಗಲೇ ನೀರು ತುಂಬಿತ್ತು, ಅದು ತನಗಾಗಿ ಎಂದು ನೇಲಿದಾಳಿಗೆ ಗೊತ್ತಾಯಿತು.

“ನಿನ್ನೆ” ಎಂದಳು.

ಅಷ್ಟೇ. ನಾಲಿಗೆ ಒಂದು ಚಿಕ್ಕ ಕಲ್ಲನ್ನು ದಾಟಿದ ಹಾಗೆ. ಒತೀಲಿಯಾ ಚೀಲವನ್ನು ಮೆಟ್ಟಿಲ ಮೇಲೆ ಎಸೆದು ಅವಳನ್ನು ಬಾಚಿ ತಬ್ಬಿಕೊಂಡಳು. “ಅಯ್ಯೋ ನನ್ನವ್ವ, ರಾತ್ರಿಯೆಲ್ಲ ಇದನ್ನ ಹೊಟ್ಟೇಲಿಟ್ಕೊಂಡು ಕೂತಿದ್ಯಾ? ಅದಕ್ಕೇ ಮುಖ ಹಂಗಿದೆ. ನನ್ಮಕ್ಳು ನಿನ್ನನ್ನೂ ಬಿಡಲಿಲ್ಲವಲ್ಲೇ! ಬಿಲ್ಲೆ ಬಿಚ್ಚಿ ಜೇಬಲ್ಲಿ ಇಟ್ಕೊಳ್ಳೋಳನ್ನ! ನೋಡು, ನಡುಗ್ತಿದೀಯ. ಹೆದರ್ಬೇಡ. ನಾನು ಹೇಳ್ತೀನಿ ಅವರಿಗೆ.” ಗಾಡಿಯವಳ ಕಡೆ ತಿರುಗಿ, ಈ ವಾರಗಳಲ್ಲಿ ಮೊದಲ ಸಲ ಹಳೆಯ ದನಿಯಲ್ಲಿ, “ಒಂದು ಲೋಟ ಬಿಸಿಬಿಸಿ ಕೊಡಮ್ಮ ಇವಳಿಗೆ, ನಿಂಬೆ ಜಾಸ್ತಿ ಹಿಂಡು” ಎಂದು ಕೂಗಿದಳು. ಆಮೇಲೆ ಏನೋ ಹೊಳೆದವಳಂತೆ ಹಣೆ ಬಡಿದುಕೊಂಡಳು. “ದೇವ್ರೇ, ಹಾಗಾದ್ರೆ ಪಾಪ ಎವಾರಿಸ್ತೊ! ಬೀದೀಲಿ ನಿಂತು ಸ್ವೆಟರ್ ನೋಡೋಕೆ ಯಾವ ನಾಯಿಗಾದ್ರೂ ಆಗತ್ತೆ. ನಾಳೆ ಹೋಗಿ ಕಾಲು ಹಿಡ್ಕೊಳ್ತೀನಿ. ತಪ್ಪು ಮಾಡಿದ್ಮೇಲೆ ಏನ್ ನಾಚ್ಕೆ.” ನೇಲಿದಾ ಕಷಾಯ ಕುಡಿದಳು. ಕೈಯಲ್ಲಿ ಲೋಟ ಬಿಸಿಯಾಗಿತ್ತು, ಬೆರಳ ತುದಿಗಳಿಗೆ ಅದು ತಿಳಿಯಲಿಲ್ಲ. ಈಗಲೂ ಹೇಳಬಹುದು, ತಪ್ಪಿ ಬಂತು, ನಿನ್ನೆಯಲ್ಲ ಎಂದು. ಆದರೆ ತಬ್ಬಿಕೊಂಡಾದ ಮೇಲೆ ಹೇಳುವುದು ಬೇರೆ, ಮೊದಲೇ ಹೇಳುವುದು ಬೇರೆ. ತಬ್ಬಿಸಿಕೊಂಡವಳು ನಿನ್ನೆ ಗೊತ್ತಾಗಿ ಇವತ್ತೇ ಓಡಿಬಂದು ಹೇಳಿದ ಒಬ್ಬ ನೇಲಿದಾ. ಅವಳು ಒಳ್ಳೆಯವಳು. ಅವಳ ಜಾಗದಲ್ಲಿ ನಿಂತು ಈ ಕಷಾಯವನ್ನು ತಾನು ಕುಡಿಯುತ್ತಿದ್ದೇನೆ ಎಂದು ಅನಿಸಿತು.

ಕೊರ್ನೆಹೊ ಕೆಟ್ಟವನಾಗಿರಲಿಲ್ಲ. ದಣಿದಿದ್ದ. ಹೆಸರು ಓದಿದಾಗ ಒತೀಲಿಯಾ ಎದ್ದೇ ನಿಂತು, “ಇವಳೇ ಅವಳು. ನೋಡಿ ಸರ್, ತಾನೇ ಬಂದಿದಾಳೆ. ಕಳ್ಳಿಯಾಗಿದ್ರೆ ಬರ್ತಿದ್ಲಾ?” ಎಂದಳು. ಅವನು ಕಣ್ಣುಜ್ಜಿಕೊಂಡ. “ಕೂತ್ಕೊಳ್ಳಿ ತಾಯಿ. ಇಂಥ ಕೇಸಲ್ಲಿ ಹೆಸರಿನವರು ಯಾವತ್ತೂ ಕಳ್ಳರಾಗಿರಲ್ಲ. ಮೊನ್ನೆ ಒಬ್ಬರು ಸನ್ಯಾಸಿನಿ ಬಂದಿದ್ರು, ಅವ್ರ ಹೆಸರಲ್ಲಿ ಮೂವತ್ತು ನಂಬರ್.” ಕಂಪ್ಯೂಟರಿನ ಕೀಲಿಗಳನ್ನು ಟಕಟಕ ಕುಟ್ಟುತ್ತ ಕೇಳುತ್ತ ಹೋದ. ಎಲ್ಲಿ ಕೊಂಡದ್ದು, ಯಾರಿಂದ, ಕೊಡೆ ಯಾವ ಬಣ್ಣದ್ದು. “ನಿಮ್ಮ ಹೆಸರಲ್ಲಿ ಬೇರೆ ನಂಬರ್ ಇದಾವೆ ಅಂತ ಯಾವಾಗ ತಿಳೀತು?” ನೇಲಿದಾ ಬಾಯಿ ತೆರೆಯುವ ಮೊದಲೇ ಒತೀಲಿಯಾ ಹೇಳಿದಳು. “ನಿನ್ನೆ ಸರ್. ನಿನ್ನೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನೋಡಿ.” ಕೊರ್ನೆಹೊ ಕುಟ್ಟಿದ. “ಇನ್ನೊಂದಿಷ್ಟು ಮುಂಚೆ ಗೊತ್ತಾಗಿದ್ರೆ ಚೆನ್ನಾಗಿತ್ತು” ಎಂದ, ಯಾರಿಗೂ ಅಲ್ಲದಂತೆ. “ಸಿಮ್ ಸತ್ತಿರ್ತಿತ್ತು. ಅವರು ಆವತ್ತು ಬೇರೆ ಯಾರಿಗೋ ಗಂಟು ಬೀಳ್ತಿದ್ರು.” “ಗೊತ್ತಾಗಿದ್ರೆ ಇವಳು ಸುಮ್ನಿರ್ತಿದ್ಲಾ? ಅದೇ ದಿನ ಓಡಿ ಹೋಗಿರ್ತಿದ್ಲು. ನಿಮಗೆ ಇವಳು ಗೊತ್ತಿಲ್ಲ” ಎಂದು ಒತೀಲಿಯಾ ಅವನ ಮೇಲೇ ಹರಿಹಾಯ್ದಳು.

ಅದೇ ದಿನವಲ್ಲ, ಮಾರನೇ ದಿನ ಓಡಿ ಹೋಗಿದ್ದಳು. ಆ ಅಂಗಡಿಯ ಯುವಕನಿಗೆ ನೆನಪಿರಬಹುದೇ? ಅಲ್ಲಿ ಏನಾದರೂ ಬರೆದುಕೊಂಡಿರಬಹುದೇ? ಎದೆ ಒಮ್ಮೆ ಧಸಕ್ಕೆಂದು, ಮರುಕ್ಷಣವೇ ಹಗುರಾಯಿತು. ಬೆರಳು ಓದಲಿಲ್ಲವಲ್ಲ. ಓದದೆ ಹೋದದ್ದರಿಂದ ಅವಳು ಅಲ್ಲಿಗೆ ಹೋಗಿದ್ದಕ್ಕೆ ಎಲ್ಲಿಯೂ ಯಾವ ಗುರುತೂ ಇಲ್ಲ. ಆ ಹಗುರಾದದ್ದನ್ನು ಗಮನಿಸಿ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಯಾವ ನುಣುಪು ಬೆರಳಿನಿಂದ ಇಷ್ಟು ದಿನ ನಾಚಿದ್ದಳೋ ಅದರ ಹಿಂದೆಯೇ ಈಗ ಅಡಗಿ ಕೂತಿದ್ದಳು. ಕೊರ್ನೆಹೊ ಹಾಳೆಯನ್ನು ಮುಂದೆ ತಳ್ಳಿದ. ಓದಲೆಂದೇ ಒತೀಲಿಯಾ ಅವಳನ್ನು ಕರೆತಂದಿದ್ದಳು. ನಿಧಾನವಾಗಿ, ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಹೇಳಿಕೆ ಕೊಟ್ಟವಳಿಗೆ ಈ ವಿಷಯ ನಿನ್ನೆಯಷ್ಟೇ ತಿಳಿದುಬಂದಿರುತ್ತದೆ, ತಿಳಿದ ಕೂಡಲೇ ತಾನಾಗಿಯೇ ಠಾಣೆಗೆ ಹಾಜರಾಗಿರುತ್ತಾಳೆ. ಅಚ್ಚಿನಲ್ಲಿ ಅದು ಎಷ್ಟು ನಿಜದ ಹಾಗೆ ಕಾಣುತ್ತಿತ್ತು!

“ಎಲ್ಲಾ ಸರಿಯಾಗಿದ್ಯೇನೇ?” ಎಂದು ಒತೀಲಿಯಾ ಭುಜದ ಮೇಲಿಂದ ಬಗ್ಗಿದಳು.

“ಸರಿಯಾಗಿದೆ.”

ಸಹಿ ಹಾಕಿ, ಪಕ್ಕದಲ್ಲಿ ಶಾಯಿಯ ಬೆರಳೊತ್ತಿದಳು. ಕಾಗದದ ಮೇಲೆ ಗೆರೆಗಳಿಲ್ಲದ ಒಂದು ಕಪ್ಪು ಮಚ್ಚೆ ಬಿತ್ತು. ಕೊರ್ನೆಹೊ ಅದನ್ನು ಬೆಳಕಿಗೆ ಹಿಡಿದು ನೋಡಿ, ಪರವಾಗಿಲ್ಲ, ನಡೆಯುತ್ತೆ, ಸಹಿ ಇದೆಯಲ್ಲ ಎಂದ.

ಹೊರಗೆ ಬಿಸಿಲು ಬಂದಿತ್ತು. ಕಡಲ ಕಡೆಯ ಕಟ್ಟೆಯ ತನಕ ಇಬ್ಬರೂ ನಡೆದರು. ಒತೀಲಿಯಾ ಅವಳ ತೋಳಿಗೆ ತೋಳು ಹಾಕಿಕೊಂಡಿದ್ದಳು, ಹುಡುಗಿಯರಾಗಿದ್ದಾಗಿನಂತೆ. ಆ ನಂಬರನ್ನು ಇವತ್ತೇ ಬಂದ್ ಮಾಡಿಸುತ್ತೇವೆ ಎಂದಿದ್ದರು. ಆದರೆ ಆ ಗಂಡಸು ಇನ್ನೊಬ್ಬರ ಬೆರಳಿನಿಂದ ಹುಟ್ಟಿದ ಇ‌ನ್ನೊಂದು ನಂಬರಿನಿಂದ ಕರೆಯಬಹುದು, ಮಗಳನ್ನು ಈಗಲೇ ವಾಪಸು ಕರೆಸಬೇಡಿ ಎಂದೂ ಹೇಳಿದ್ದರು. “ಆದ್ರೂ ಇವತ್ತು ಸ್ವಲ್ಪ ಉಸಿರಾಡೋ ಹಾಗಾಯ್ತು ಕಣೇ” ಎಂದಳು ಒತೀಲಿಯಾ. “ನಮ್ಮೋರು ಯಾರೂ ಅಲ್ಲ ಅಂತಾಯ್ತಲ್ಲ. ಇಷ್ಟು ದಿನ ಒಬ್ಬೊಬ್ಬರ ಮುಖ ನೋಡ್ದಾಗ್ಲೂ ಇವನಾ, ಇವಳಾ ಅನ್ಸೋದು. ಅದೇ ನನ್ನ ಕೊಂದಿದ್ದು, ಆ ದುಡ್ಡಲ್ಲ.” ಕಟ್ಟೆಯ ಮೇಲೆ ಪೆಲಿಕನ್ ಹಕ್ಕಿಗಳು ಮುದುಕರಂತೆ ಕತ್ತು ಒಳಗೆಳೆದುಕೊಂಡು ಕೂತಿದ್ದವು. ನೇಲಿದಾ ಶಾಯಿ ಹತ್ತಿದ ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡು, ಒಂದು ಸಲ ಅವಳ ಹೆಸರು ಹಿಡಿದು ಕರೆದಳು. “ಏನೇ?” ಎಂದು ಒತೀಲಿಯಾ ತಿರುಗಿದಳು. ಅವಳ ಮುಖ ನಿದ್ದೆ ಮಾಡಿ ಎದ್ದವಳ ಮುಖದಂತೆ ಸಡಿಲವಾಗಿತ್ತು. “ಏನಿಲ್ಲ. ಮಗು ಹೇಗಿದೆ?”

“ತಡಿ, ನೀನೇ ಕೇಳು.” ಒತೀಲಿಯಾ ಕಬಾನಾಗೆ ಫೋನು ಹಚ್ಚಿ ಅದು ಗುಂಯ್‌ಗುಡುತ್ತಿರುವಾಗಲೇ ಅವಳ ಕೈಗೆ ಕೊಟ್ಟಳು. “ಮೊದ್ಲು ಗುಟ್ಟಿನ ಮಾತು ಕೇಳ್ತಾಳೆ ನೋಡು. ನಾನೇ ಹೇಳ್ಕೊಟ್ಟಿದೀನಿ. ಅಮ್ಮನ ದನೀನೇ ಆದ್ರೂ ಆ ಮಾತು ಹೇಳ್ದಿದ್ರೆ ಇಟ್ಬಿಡು ಅಂತ. ಈಗಿನ ಕಾಲದಲ್ಲಿ ದನೀನೂ ಕದೀತಾರಂತಲ್ಲ.”

“ಏನು ಮಾತು?”

“ನಿಂಗೆ ಹೇಳ್ಬೇಕೇನೇ? ಅವಳು ಕೂಸಾಗಿದ್ದಾಗ ನೀನೇ ಇಟ್ಟ ಹೆಸರು. ನಮ್ಮ ಮೂರು ಜನರನ್ನ ಬಿಟ್ರೆ ಯಾರಿಗ್ಗೊತ್ತು ಅದು? ಅದಕ್ಕೇ ಅದನ್ನ ಇಟ್ಟೆ.”

ಅಲೆ ಹಿಂದೆ ಸರಿದೊಡನೆ ಒದ್ದೆ ಮರಳೊಳಕ್ಕೆ ತಲೆ ತೂರಿಸಿ ಮಾಯವಾಗುವ ಪುಟ್ಟ ಏಡಿಗೆ ಈ ತೀರದಲ್ಲಿ ಇರುವ ಹೆಸರು. ಯಾರು ಎತ್ತಿಕೊಂಡರೂ ಅವರ ಕಂಕುಳಿಗೆ ಮುಖ ತೂರಿಸುತ್ತಿದ್ದ ಕೂಸಿಗೆ ನೇಲಿದಾ ಆ ಹೆಸರನ್ನೇ ಇಟ್ಟಿದ್ದಳು. ಅತ್ತಲಿಂದ ಫೋನೆತ್ತಿದ ಸದ್ದು. ಬೆಟ್ಟದ ಗಾಳಿ, ಎಲ್ಲೋ ಒಂದು ಕತ್ತೆಯ ಕೂಗು, ಆಮೇಲೆ ಬಹಳ ಗಟ್ಟಿಯಾಗಿ, ಪೊಲೀಸರ ಹಾಗೆ, ಹುಡುಗಿಯ ದನಿ.

“ಯಾರು?”

“ನಾನು ಪುಟ್ಟಿ. ಮದ್ರೀನಾ.”

ದನಿ ಕರಗಲಿಲ್ಲ. ಉಸಿರು ಬಿಗಿಹಿಡಿದು ಕಾಯುತ್ತಿರುವುದು ಕೇಳಿಸುತ್ತಿತ್ತು. “ಹಾಗಂತ ಯಾರು ಬೇಕಾದ್ರೂ ಹೇಳ್ಬಹುದು. ಮಾತು ಹೇಳಿ.”

ಪಕ್ಕದಲ್ಲಿ ಒತೀಲಿಯಾ, ಮಗಳ ಜಾಣತನಕ್ಕೆ ಹೆಮ್ಮೆಪಡುತ್ತ, ಹೇಳು ಹೇಳು ಎಂದು ಕೈಸನ್ನೆ ಮಾಡುತ್ತಿದ್ದಳು. ಇಟ್ಟುಬಿಡು ಮಗೂ, ನನ್ನನ್ನು ನಂಬಬೇಡ, ಫೋನು ಇಟ್ಟುಬಿಡು. ಅದು ನೇಲಿದಾಳ ಬಾಯಿಯ ತನಕ ಬಂತು.

“ಮುಯ್‌ಮುಯ್” ಎಂದಳು.

ಅತ್ತಲಿಂದ ಕಟ್ಟಿಹಿಡಿದ ಉಸಿರು ಒಮ್ಮೆಗೇ ನಗುವಾಗಿ ಹೊರಬಿತ್ತು. “ಹಾಂ” ಎಂದಿತು ಮಗು, “ನೀವೇ.”